4070 ಸ್ಟಿಕ್ಕರ್ ನೋಡಿ ಲ್ಯಾಪ್‌ಟಾಪ್ ತಗೊಂಡು ನಾನು ಕೆಟ್ಟೆ

ಸಾಗರದಲ್ಲಿ ಕೂತು ಮನೆಗಳ ತ್ರೀಡಿ ಎಲಿವೇಶನ್ (ಹೊರನೋಟದ ಚಿತ್ರ), ವಾಕ್‌ಥ್ರೂ (ಮನೆಯಲ್ಲಿ ನಡೆದಾಡಿದಂತೆ ಕಾಣುವ ವಿಡಿಯೊ) ಮಾಡಿಕೊಡುವುದು ನನ್ನ ಕೆಲಸ. ಎಲ್ಲವೂ ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರ್‌ನಲ್ಲಿ. ಶಿವಮೊಗ್ಗದಲ್ಲಿ ಇದೇ ಕೆಲಸ ಮಾಡುವ ಗೆಳೆಯನೊಬ್ಬ ಇದ್ದಾನೆ. ಅವನ ಡೆಸ್ಕ್‌ಟಾಪ್‌ನಲ್ಲಿ ಇರುವುದು ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡ್. ಅವನ ಮನೆಯಲ್ಲಿ ಒಂದು ಸಂಜೆ ರೆಂಡರ್ (ತ್ರೀಡಿ ಮಾಡೆಲ್‌ನಿಂದ ಕೊನೆಯ ಚಿತ್ರ ಮೂಡಿಸುವ ಕೆಲಸ) ಓಡುವುದನ್ನು ನೋಡಿ ಬಂದ ಮೇಲೆ ನನ್ನ ಹಳೇ ಮಷಿನ್ ಮುಖ ನೋಡುವುದಕ್ಕೇ ಬೇಜಾರಾಯಿತು. ತಗೊಂಡರೆ 4070 ಎಂದು ತೀರ್ಮಾನಿಸಿದೆ.

ಆದರೆ ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ವಾ? ಎಲ್ಲೋ ಒಂದು ಕೊಂಬೆ ಲೈನ್ ಮೇಲೆ ಬಿದ್ದರೆ ಆ ದಿನ ಮುಗಿಯಿತು. ಅದಕ್ಕೇ ಡೆಸ್ಕ್‌ಟಾಪ್ ಬೇಡ, ಅದೇ ಕಾರ್ಡ್ ಇರುವ ಲ್ಯಾಪ್‌ಟಾಪ್ ತಗೊಂಡರೆ ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ ಎಂದು ಲೆಕ್ಕ ಹಾಕಿದೆ. ಈ ಲೆಕ್ಕ ಎಷ್ಟು ತಪ್ಪು ಎಂದು ಆಮೇಲೆ ಹೇಳುತ್ತೇನೆ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋದೆ. ಅಂಗಡಿಯವನು ಒಂದು ತೆಳ್ಳಗಿನ ಮಾಡೆಲ್ ತೋರಿಸಿದ. ಕೀಬೋರ್ಡ್ ಪಕ್ಕದಲ್ಲಿ 4070 ಎಂಬ ಹಸಿರು ಸ್ಟಿಕ್ಕರ್. "ಡೆಸ್ಕ್‌ಟಾಪ್ ಕಾರ್ಡಿಗೂ ಇದಕ್ಕೂ ಎಷ್ಟು ವ್ಯತ್ಯಾಸ?" ಎಂದು ಕೇಳಿದೆ. "4070 ಅಂದ್ರೆ 4070 ಸಾರ್. ಐದೋ ಹತ್ತೋ ಪರ್ಸೆಂಟ್ ಅಷ್ಟೇ." ಕೈಯಲ್ಲಿ ಹಿಡಿದು ನೋಡಿದೆ, ಹಗುರ ಇತ್ತು, ಖುಷಿಯಾಯಿತು. ಆ ತೆಳು ಮೈಯೇ ನನಗೆ ಮುಳುವಾಗುತ್ತದೆ ಎಂದು ಆಗ ಹೊಳೆಯಲಿಲ್ಲ. 1.4 ಲಕ್ಷ, ಅದರಲ್ಲಿ ಮುಕ್ಕಾಲು ಪಾಲು ಕಂತು.

ಮನೆಗೆ ಬಂದು ಗೆಳೆಯನ ಫೈಲನ್ನೇ ತೆರೆದು ರೆಂಡರ್ ಒತ್ತಿದೆ. ಸೆಟ್ಟಿಂಗ್ ಒಂದೂ ಬದಲಿಸಿಲ್ಲ. ಅವನ ಮಷಿನ್‌ನಲ್ಲಿ ಒಂದು ಫ್ರೇಮಿಗೆ, ಅಂದರೆ ವಿಡಿಯೊದ ಒಂದು ಚಿತ್ರಕ್ಕೆ, 52 ಸೆಕೆಂಡ್. ನನ್ನದರಲ್ಲಿ 1 ನಿಮಿಷ 47 ಸೆಕೆಂಡ್. 20 ಸೆಕೆಂಡಿನ ವಾಕ್‌ಥ್ರೂ ಅಂದರೆ 600 ಫ್ರೇಮ್. ಅವನು ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆ ತಿಂಡಿ ಹೊತ್ತಿಗೆ ಮುಗಿದಿರುತ್ತದೆ. ನನಗೆ ಸುಮಾರು 18 ಗಂಟೆ. ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ತಪ್ಪಿರಬೇಕು ಎಂದುಕೊಂಡು ಅದನ್ನು ತೆಗೆದು ಮತ್ತೆ ಹಾಕಿದೆ. ವಿಂಡೋಸನ್ನೇ ಹೊಸದಾಗಿ ಹಾಕಿದೆ. ಮೂರು ದಿನ ಸುಮ್ನೆ ಹಾಳು.

ಮೂರನೇ ದಿನ ಟಾಸ್ಕ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಹೆಸರನ್ನು ಕೊನೆಯವರೆಗೆ ಓದಿದೆ. 4070 ಆದ ಮೇಲೆ ಒಂದು ಬಾಲ ಇತ್ತು: "ಲ್ಯಾಪ್‌ಟಾಪ್ ಜಿಪಿಯು". ಜಿಪಿಯು ಅಂದರೆ ಗ್ರಾಫಿಕ್ಸ್ ಚಿಪ್. ಸ್ಟಿಕ್ಕರ್‌ನಲ್ಲಿ ಈ ಬಾಲ ಇರಲಿಲ್ಲ.

ಆಗ ಕೂತು ವಿವರ ಹುಡುಕಿದೆ. ಡೆಸ್ಕ್‌ಟಾಪ್ 4070ಯಲ್ಲಿ 5888 ಕೋರ್ (ಲೆಕ್ಕ ಮಾಡುವ ಪುಟ್ಟ ಘಟಕಗಳು), 12 ಜಿಬಿ ಮೆಮೊರಿ, 192 ಬಿಟ್ ಬಸ್ (ಚಿಪ್‌ಗೂ ಮೆಮೊರಿಗೂ ನಡುವಿನ ದಾರಿಯ ಅಗಲ), 200 ವ್ಯಾಟ್. ಲ್ಯಾಪ್‌ಟಾಪ್ 4070ಯಲ್ಲಿ 4608 ಕೋರ್, 8 ಜಿಬಿ, 128 ಬಿಟ್. ಒಳಗಿನ ಚಿಪ್ಪೇ ಬೇರೆ. ಅಲ್ಲಿ ಎಡಿ104, ಇಲ್ಲಿ ಅದಕ್ಕಿಂತ ಚಿಕ್ಕದಾದ ಎಡಿ106. ನಂಬರ್ ಒಂದೇ, ವಸ್ತು ಬೇರೆ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅಂತಾರಲ್ಲ, ಹಾಗೆ.

ಇನ್ನೂ ದೊಡ್ಡ ಪೆಟ್ಟು ವ್ಯಾಟಿನದು. ಲ್ಯಾಪ್‌ಟಾಪ್ 4070ಗೆ ಇಷ್ಟೇ ಎಂದು ನಿಗದಿಯಾದ ವ್ಯಾಟ್ ಇಲ್ಲ. 35ರಿಂದ 115ರವರೆಗೆ ಎಷ್ಟು ಬೇಕಾದರೂ ಇಡಬಹುದು, ಅದು ಲ್ಯಾಪ್‌ಟಾಪ್ ಮಾಡುವ ಕಂಪನಿಗೆ ಬಿಟ್ಟಿದ್ದು. ಫ್ಯಾನ್ ಎಷ್ಟು ಬಿಸಿಯನ್ನು ಹೊರಗೆ ಹಾಕಬಲ್ಲದೋ ಅಷ್ಟೇ ವ್ಯಾಟ್ ಕೊಡುತ್ತಾರೆ. ತೆಳ್ಳಗಿನ ಡಬ್ಬದಲ್ಲಿ ಬಿಸಿ ಹೋಗಲು ಜಾಗ ಎಲ್ಲಿದೆ? ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹೆಲ್ಪ್, ಅಲ್ಲಿಂದ ಸಿಸ್ಟಂ ಇನ್‌ಫರ್ಮೇಶನ್ ಒತ್ತಿದರೆ "ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್" ಎಂಬ ಸಾಲು ಕಾಣುತ್ತದೆ. ನನ್ನದರಲ್ಲಿ 60 ವ್ಯಾಟ್. ಗೆಳೆಯನ ಕಾರ್ಡ್ 200 ವ್ಯಾಟ್ ಕುಡಿಯುತ್ತದೆ. ಅದನ್ನು ನೋಡಿದ ಮೇಲೆ 1 ನಿಮಿಷ 47 ಸೆಕೆಂಡ್ ಯಾಕೆ ಎಂದು ಯಾರನ್ನೂ ಕೇಳಬೇಕಾಗಲಿಲ್ಲ. ನಿಜ ಹೇಳಬೇಕೆಂದರೆ 60 ವ್ಯಾಟಿಗೆ ಅಷ್ಟು ಮಾಡುವುದೇ ದೊಡ್ಡದು. ಚಿಪ್ಪಿನ ತಪ್ಪು ಇದರಲ್ಲಿ ಏನೂ ಇಲ್ಲ.

ಈಗ ಕರೆಂಟ್ ಲೆಕ್ಕಕ್ಕೆ ಬರೋಣ. ಜುಲೈನಲ್ಲಿ ಒಂದು ದಿನ ಲೈನ್ ಹೋಯಿತು. ಧೈರ್ಯವಾಗಿ ಬ್ಯಾಟರಿ ಮೇಲೆ ರೆಂಡರ್ ಹಾಕಿದೆ. ಒಂದು ಫ್ರೇಮಿಗೆ 4 ನಿಮಿಷ ದಾಟಿತು. ಚಾರ್ಜರ್ ಕಿತ್ತ ಕೂಡಲೇ ಗ್ರಾಫಿಕ್ಸ್‌ಗೆ ಹೋಗುವ ವ್ಯಾಟ್ ಇನ್ನೂ ಕೆಳಗೆ ಇಳಿಯುತ್ತದೆ. ಇಳಿಯಲೇಬೇಕು. ವಿಮಾನದ ನಿಯಮದ ಕಾರಣಕ್ಕೆ ಲ್ಯಾಪ್‌ಟಾಪ್ ಬ್ಯಾಟರಿಗಳು ಸಾಮಾನ್ಯವಾಗಿ 100 ವ್ಯಾಟ್-ಅವರ್ (ಒಂದು ಗಂಟೆ 100 ವ್ಯಾಟ್ ಕೊಡುವಷ್ಟು) ದಾಟುವುದಿಲ್ಲ. ಅದರಿಂದ 200 ವ್ಯಾಟ್ ಎಳೆದರೆ ಅರ್ಧ ಗಂಟೆಗೆ ಖಾಲಿ. ಇದು ಹೈಸ್ಕೂಲ್ ಗಣಿತ, ಕೊಳ್ಳುವ ಮುಂಚೆ ನಾನು ಮಾಡಲಿಲ್ಲ ಅಷ್ಟೇ. ಇದೇ ದುಡ್ಡಿಗೆ ಡೆಸ್ಕ್‌ಟಾಪೂ ಬರುತ್ತಿತ್ತು, ಜೊತೆಗೆ ಒಂದು ಯುಪಿಎಸ್ಸೂ ಬರುತ್ತಿತ್ತು.

ಮೆಮೊರಿ ಏಟು ಬಿದ್ದದ್ದು ಒಂದು ತೋಟದ ಮನೆಯ ಕೆಲಸದಲ್ಲಿ. ಮಾಲೀಕರಿಗೆ ಮನೆಯ ಹಿಂದೆ ಅಡಿಕೆ ತೋಟ ಕಾಣಬೇಕಿತ್ತು, ಹಂಚಿನ ಮೇಲೆ ಪಾಚಿಯೂ ಕಾಣಬೇಕಿತ್ತು. ಹಾಕಿದೆ. ರೆಂಡರ್ ಶುರುವಾಗುವ ಮೊದಲೇ "ಸಿಸ್ಟಂ ಈಸ್ ಔಟ್ ಆಫ್ ಜಿಪಿಯು ಮೆಮೊರಿ" ಎಂದು ನಿಂತುಬಿಟ್ಟಿತು. ಅದೇ ಫೈಲ್ ಗೆಳೆಯನ 12 ಜಿಬಿಯಲ್ಲಿ ಆರಾಮಾಗಿ ಓಡಿತು. ನಿಧಾನ ಆದರೆ ಕಾಯಬಹುದು, ಜಾಗವೇ ಇಲ್ಲ ಅಂದರೆ ಏನು ಮಾಡುವುದು? ಎಲೆಗಳ ಮೇಲೆ ಅಂಟಿಸುವ ಚಿತ್ರಗಳನ್ನೆಲ್ಲ (ಟೆಕ್ಸ್ಚರ್) ಕುಗ್ಗಿಸಿ ಹೇಗೋ ಕೊಟ್ಟೆ. ಮಾಲೀಕರು "ಮರ ಪ್ಲಾಸ್ಟಿಕ್ ಥರ ಇದೆ" ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಅಂಗಡಿಗೆ ಫೋನ್ ಮಾಡಿದರೆ, ಬಾಕ್ಸ್ ಓಪನ್ ಆದ ಮೇಲೆ ವಾಪಸ್ ಇಲ್ಲ, ಬಿಲ್ಲಿನಲ್ಲಿ 4070 ಅಂತಲೇ ಇದೆಯಲ್ಲ ಎಂದರು. ಇದೆ, ಏನು ವಾದ ಮಾಡಲಿ?

ಮೊದಲು ಹೀಗೆ ಗೊಂದಲ ಇರಲಿಲ್ಲ. 980ಎಂ ಎಂಬ ಥರ ಲ್ಯಾಪ್‌ಟಾಪ್ ಕಾರ್ಡಿನ ಹೆಸರಿಗೆ "ಎಂ" ಅಂಟಿಸುತ್ತಿದ್ದರು. 2016ರಲ್ಲಿ 10 ಸರಣಿ ಬಂದಾಗ ಅದನ್ನು ಬಿಟ್ಟರು. ಆಗ ಅದಕ್ಕೆ ಅರ್ಥವೂ ಇತ್ತು, 1080ರ ಎರಡೂ ರೂಪದಲ್ಲಿ 2560 ಕೋರೇ ಇದ್ದವು. ಆಮೇಲೆ ಅಂತರ ಬೆಳೆಯುತ್ತಾ ಹೋಯಿತು. 4090 ತಗೊಳ್ಳಿ, ಡೆಸ್ಕ್‌ಟಾಪ್‌ನಲ್ಲಿ 16384 ಕೋರ್, ಲ್ಯಾಪ್‌ಟಾಪ್‌ನಲ್ಲಿ 9728. ಆಮೇಲಿನ 5070 ಬಂದಾಗಲೂ ಅದೇ ಹಾಡು: ಡೆಸ್ಕ್‌ಟಾಪ್‌ನಲ್ಲಿ 12 ಜಿಬಿ, ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ. ವಿಚಿತ್ರ ಅಂದರೆ 4060ಯಲ್ಲಿ ಎರಡೂ ಕಡೆ 3072 ಕೋರ್, 8 ಜಿಬಿ. ಹಾಗಾಗಿ ನೂರು ವ್ಯಾಟ್ ದಾಟುವ, ಸ್ವಲ್ಪ ದಪ್ಪಗಿನ 4060 ಲ್ಯಾಪ್‌ಟಾಪ್ ತಗೊಂಡಿದ್ದರೆ ಇನ್ನೂ ಕಡಿಮೆ ದುಡ್ಡಿಗೆ ಇಷ್ಟೇ ಕೆಲಸ ಆಗುತ್ತಿತ್ತೋ ಏನೋ.

ನೀವು ಅಂಗಡಿಗೆ ಹೋದರೆ ಡೆಮೋ ಮಷಿನ್‌ನಲ್ಲೇ ಆ ಕಂಟ್ರೋಲ್ ಪ್ಯಾನೆಲ್ ತೆರೆಸಿ, ವ್ಯಾಟ್ ನೋಡಿ, ಮೆಮೊರಿ ನೋಡಿ. ತೆರೆಯಲ್ಲ ಅಂದರೆ ಎದ್ದು ಬನ್ನಿ. ಯೂಟ್ಯೂಬ್ ವಿಡಿಯೊದಲ್ಲಿ 4070 ಪರೀಕ್ಷೆ ನೋಡುವಾಗಲೂ ಅದು ಯಾವ 4070, ಎಷ್ಟು ವ್ಯಾಟ್ ಎಂದು ಮೊದಲು ಹುಡುಕಿ. ನಾನು ನೋಡಿದ್ದೆಲ್ಲ ಡೆಸ್ಕ್‌ಟಾಪಿನವು.

ಲ್ಯಾಪ್‌ಟಾಪ್ ಈಗ ಸೈಟಿಗೆ ಒಯ್ದು ಪ್ಲಾನ್ ತೋರಿಸಲು ಚೆನ್ನಾಗಿದೆ. ರೆಂಡರ್ ಇದ್ದ ದಿನ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಶಿವಮೊಗ್ಗದ ಬಸ್ ಹತ್ತುತ್ತೇನೆ. ಇನ್ನೂ 7 ಕಂತು ಬಾಕಿ ಇದೆ.