ಗಾರ್ಮಿನ್ ಇಟ್ರೆಕ್ಸ್ 32ಎಕ್ಸ್: ಚಾರಣಕ್ಕೂ ಜಿಯೋಕ್ಯಾಶಿಂಗಿಗೂ ಒಂದೇ ರಿಸೀವರ್

ಮೊಬೈಲಿನಲ್ಲೇ ಜಿಪಿಎಸ್ ಇರುವಾಗ ಅದಕ್ಕೆಂದೇ ಇನ್ನೊಂದು ಸಾಧನವನ್ನು ಕೊಳ್ಳುವುದೇಕೆ ಎಂದು ಕೇಳಿದರೆ, ನಿಖರತೆಗಾಗಿ ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ತೆರೆದ ಬಯಲಿನಲ್ಲಿ ಒಳ್ಳೆಯ ಮೊಬೈಲೂ ಕೈಯಲ್ಲಿ ಹಿಡಿಯುವ ರಿಸೀವರೂ ನಿಮ್ಮ ಸ್ಥಾನವನ್ನು ಕೆಲವೇ ಮೀಟರುಗಳ ವ್ಯತ್ಯಾಸದಲ್ಲಿ ತೋರಿಸುತ್ತವೆ. ರಿಸೀವರಿಗೆ ಹಣ ಹಾಕಬೇಕಾದದ್ದು ಬೇರೆ ಕಾರಣಗಳಿಗೆ: ಒದ್ದೆ ಕೈಯಲ್ಲೂ ಕೈಗವಸಿನಲ್ಲೂ ಒತ್ತಬಹುದಾದ ಗುಂಡಿ, ನೆತ್ತಿಯ ಬಿಸಿಲಿನಲ್ಲೂ ಕಾಣುವ ಪರದೆ, ದಾರಿಯಲ್ಲೇ ಬದಲಿಸಬಹುದಾದ ಬ್ಯಾಟರಿ, ಮತ್ತು ನಿಂತಲ್ಲೇ ದಿಕ್ಕು ಹೇಳುವ ದಿಕ್ಸೂಚಿ. 2019ರಲ್ಲಿ ಮಾರುಕಟ್ಟೆಗೆ ಬಂದ ಇಟ್ರೆಕ್ಸ್ 32ಎಕ್ಸ್ ಅನ್ನು ಈ ನಾಲ್ಕರಿಂದಲೇ ಅಳೆಯಬೇಕು ಎಂಬುದು ನನ್ನ ಅಭಿಪ್ರಾಯ.

ಬ್ಯಾಟರಿ ಸೇರಿ ಸುಮಾರು 142 ಗ್ರಾಂ ತೂಗುವ ಈ ಸಾಧನ ಮುಷ್ಟಿಯೊಳಗೆ ಹಿಡಿಯುವಷ್ಟು ಚಿಕ್ಕದು. ಗುಂಡಿಗಳೆಲ್ಲ ಎರಡು ಪಕ್ಕಗಳಲ್ಲಿವೆ; ಮುಂಭಾಗದ ಮೇಲ್ತುದಿಯಲ್ಲಿರುವ ಪುಟ್ಟ ಕಡ್ಡಿಯನ್ನು ಹೆಬ್ಬೆರಳಿನಿಂದ ಸರಿಸುತ್ತ ಎಲ್ಲ ಕೆಲಸವನ್ನೂ ಒಂದೇ ಕೈಯಲ್ಲಿ ಮಾಡಬಹುದು. ಇನ್ನೊಂದು ಕೈಯಲ್ಲಿ ಊರುಗೋಲು ಇರುವವರಿಗೆ ಇದರ ಬೆಲೆ ತಿಳಿಯುತ್ತದೆ. 2.2 ಇಂಚಿನ ಬಣ್ಣದ ಪರದೆಯು ಮೇಲೆ ಬಿದ್ದ ಬೆಳಕನ್ನೇ ಬಳಸಿಕೊಳ್ಳುವ ಬಗೆಯದಾದ್ದರಿಂದ ಬಿಸಿಲು ಹೆಚ್ಚಿದಷ್ಟೂ ಸ್ಪಷ್ಟವಾಗುತ್ತದೆ. ಮಬ್ಬು ಕಾಣುವುದು ಮರದ ನೆರಳಿನಲ್ಲಿ ಹಿಂಬೆಳಕು ಹಾಕದೆ ನೋಡಿದಾಗಲೇ. ಹಿಂಬದಿಯ ಮುಚ್ಚಳವನ್ನು ಲೋಹದ ಬಳೆಯೊಂದನ್ನು ತಿರುಗಿಸಿ ತೆಗೆದರೆ ಎರಡು ಎಎ ಗಾತ್ರದ ಸೆಲ್‌ಗಳು, ಅವುಗಳ ಅಡಿಯಲ್ಲಿ ಮೈಕ್ರೋ ಎಸ್‌ಡಿ ಕಾರ್ಡಿನ ಜಾಗ ಕಾಣುತ್ತದೆ.

ಒಂದು ಜೊತೆ ಸೆಲ್ 25 ಗಂಟೆ ಬರುತ್ತದೆ ಎಂದು ತಯಾರಕರು ಹೇಳುತ್ತಾರೆ. ಹಿಂಬೆಳಕನ್ನು ಸದಾ ಉರಿಸುತ್ತ, ನಕ್ಷೆಯನ್ನು ಪದೇ ಪದೇ ಸರಿಸುತ್ತ ಹೋದರೆ ಅಷ್ಟು ನಿರೀಕ್ಷಿಸುವಂತಿಲ್ಲ. ಸೆಟ್ಟಿಂಗ್‌ನಲ್ಲಿ ಸೆಲ್ಲಿನ ಬಗೆಯನ್ನು ಸರಿಯಾಗಿ ಆರಿಸಬೇಕು. ಮರುಚಾರ್ಜ್ ಮಾಡುವ ನಿಕ್ಕಲ್ ಸೆಲ್ಲಿನ ವೋಲ್ಟೇಜ್ ಸುಮಾರು 1.2, ಆಲ್ಕಲೈನ್ ಸೆಲ್ಲಿನದು 1.5 ಆಗಿರುವುದರಿಂದ, ನಿಕ್ಕಲ್ ಸೆಲ್ ಹಾಕಿ ಆಲ್ಕಲೈನ್ ಎಂದು ಆರಿಸಿದರೆ ಸೆಲ್ ತುಂಬಿದ್ದರೂ ಮುಗಿಯುತ್ತ ಬಂದಿದೆ ಎಂಬ ಸೂಚನೆ ಬರುತ್ತದೆ. ತೀವ್ರ ಚಳಿಗೆ ಲಿಥಿಯಂ ಸೆಲ್ಲೇ ಒಳ್ಳೆಯದು.

ಯಾರೋ ಬಚ್ಚಿಟ್ಟ ಡಬ್ಬಿಯನ್ನು (ಕ್ಯಾಶ್) ಜಿಪಿಎಸ್ ನೆರವಿನಿಂದ ಹುಡುಕುವ ಆಟವಾದ ಜಿಯೋಕ್ಯಾಶಿಂಗ್ ಹುಟ್ಟಿದ್ದೇ ನಿಖರತೆ ಹೆಚ್ಚಿದ ಮರುಗಳಿಗೆಯಲ್ಲಿ. ನಾಗರಿಕ ಬಳಕೆಯ ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರ 2000ದ ಮೇ 2ರಂದು ನಿಲ್ಲಿಸಿತು. ಮರುದಿನವೇ ಡೇವ್ ಉಲ್ಮರ್ ಓರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಮೊದಲ ಕ್ಯಾಶ್ ಅನ್ನು ಬಚ್ಚಿಟ್ಟರು. ಆದರೂ ಈ ಆಟದಲ್ಲಿ ರಿಸೀವರಿನಿಂದ ಆಗದ ಕೆಲಸವನ್ನು ಅದರಿಂದ ಬಯಸುವವರೇ ಹೆಚ್ಚು. ಕ್ಯಾಶ್ ಇರುವ ಜಾಗದ ಅಕ್ಷಾಂಶ ರೇಖಾಂಶಗಳನ್ನು ಡಿಗ್ರಿ ಮತ್ತು ಮಿನಿಟುಗಳಲ್ಲಿ, ದಶಮಾಂಶದ ಮೂರು ಸ್ಥಾನಗಳವರೆಗೆ ಕೊಟ್ಟಿರುತ್ತಾರೆ. ಅಕ್ಷಾಂಶದಲ್ಲಿ ಆ ಕೊನೆಯ ಅಂಕಿಯ ಒಂದು ಘಟಕವೆಂದರೆ ಸುಮಾರು 1.85 ಮೀಟರ್, ಅಂದರೆ ಅಂಕಿ ಯಂತ್ರದ ಅಳತೆಗಿಂತ ಸೂಕ್ಷ್ಮವಾದದ್ದು. ಬಚ್ಚಿಟ್ಟವರ ಯಂತ್ರ ಐದು ಮೀಟರ್ ತಪ್ಪಿ, ಹುಡುಕುವವರದು ಇನ್ನೊಂದು ದಿಕ್ಕಿಗೆ ಐದು ಮೀಟರ್ ತಪ್ಪಿದರೆ, ಪರದೆಯ ಬಾಣ ತೋರಿಸಿದ ಬಂಡೆಯಿಂದ ಡಬ್ಬಿ ಹತ್ತು ಮೀಟರ್ ಆಚೆ ಇರಬಹುದು.

ಈ ಹತ್ತು ಮೀಟರುಗಳಲ್ಲೇ 32ಎಕ್ಸ್ ತನ್ನ ತಮ್ಮನಾದ 22ಎಕ್ಸ್‌ಗಿಂತ ಮೇಲಾಗುವುದು. 22ಎಕ್ಸ್‌ನಲ್ಲಿ ಕಾಂತೀಯ ದಿಕ್ಸೂಚಿ ಇಲ್ಲ. ನೀವು ನಡೆಯುತ್ತಿರುವ ದಿಕ್ಕಿನಿಂದಲೇ ಅದು ಬಾಣವನ್ನು ಲೆಕ್ಕ ಹಾಕುತ್ತದೆ. ಗುರಿಯ ಹತ್ತಿರ ಬಂದು ನಿಂತು ಪೊದೆಯೊಳಗೆ ಇಣುಕುವ ಹೊತ್ತಿಗೆ ಆ ಬಾಣಕ್ಕೆ ಅರ್ಥವೇ ಉಳಿಯುವುದಿಲ್ಲ. 32ಎಕ್ಸ್‌ನ ಮೂರು ಅಕ್ಷಗಳ ದಿಕ್ಸೂಚಿಯು ನಿಂತಾಗಲೂ, ಸಾಧನವನ್ನು ಓರೆಯಾಗಿ ಹಿಡಿದಾಗಲೂ ದಿಕ್ಕು ಹೇಳುತ್ತದೆ. ಸೆಲ್ ಬದಲಿಸಿದ ಮೇಲೆ ಅದನ್ನು ಮೂರು ಬಗೆಯಲ್ಲಿ ತಿರುಗಿಸಿ ಮತ್ತೆ ಹೊಂದಿಸಿಕೊಳ್ಳಬೇಕು. ಇದನ್ನು ಬೇಸರವೆಂದು ಬಿಟ್ಟುಬಿಟ್ಟರೆ ದಿಕ್ಕು ಗಣನೀಯವಾಗಿ ತಪ್ಪಬಹುದು. ದೂರದ ಅಂಕಿ 4 ಮೀಟರಿನಿಂದ 11ಕ್ಕೆ, 11ರಿಂದ 6ಕ್ಕೆ ಕುಣಿಯತೊಡಗಿದರೆ, ದಟ್ಟ ಎಲೆಗಳ ಮರೆಯೋ ಬಂಡೆಗೆ ಬಡಿದು ಬರುವ ಸಂಕೇತವೋ ಕಾರಣವಾಗಿರುತ್ತದೆ. ಆಗ ಸಾಧನವನ್ನು ಆಕಾಶ ಕಾಣುವ ಕಡೆ ಒಂದೆರಡು ನಿಮಿಷ ಇಟ್ಟು, ಬಳಿಕ ಅದನ್ನು ಜೇಬಿಗೆ ಹಾಕಿ ಕಣ್ಣಿನಿಂದಲೇ ಹುಡುಕುವುದು ಒಳಿತು.

ಅಕ್ಷಾಂಶ ರೇಖಾಂಶದ ಅಂಕಿಗಳನ್ನು ಕೈಯಿಂದ ತುಂಬುವವರು ಅವನ್ನು ಬರೆಯುವ ಮಾದರಿಯನ್ನೂ ನೋಡಿಕೊಳ್ಳಬೇಕು. 40 ಡಿಗ್ರಿ 30.500 ಮಿನಿಟ್ ಎಂಬುದನ್ನು 40.30500 ಡಿಗ್ರಿ ಎಂದು ತುಂಬಿದರೆ ಗುರಿಯು 22 ಕಿಲೋಮೀಟರಿಗೂ ಹೆಚ್ಚು ದೂರ ಸರಿಯುತ್ತದೆ. ಕಡ್ಡಿಯಿಂದ ಒಂದೊಂದೇ ಅಕ್ಷರ ಆರಿಸುವುದು ನಿಧಾನದ ಕೆಲಸವಾದ್ದರಿಂದ, ಸ್ಥಾನಗಳ ಮಾಹಿತಿಯನ್ನು ಹೊತ್ತ ಜಿಪಿಎಕ್ಸ್ ಕಡತವನ್ನು ಕಂಪ್ಯೂಟರಿನಿಂದ ನೇರವಾಗಿ ಹಾಕಿಕೊಳ್ಳುವುದೇ ಲೇಸು. ಆಗ ಕ್ಯಾಶ್‌ನ ವಿವರಣೆ, ಸುಳಿವುಗಳೂ ಜೊತೆಗೆ ಬರುತ್ತವೆ.

ಚಾರಣದಲ್ಲಿ ನಡೆದ ದಾರಿಯನ್ನು ತಾನಾಗಿಯೇ ಗುರುತಿಸಿಟ್ಟುಕೊಂಡು ಅದರ ಮೇಲೆಯೇ ಹಿಂದಿರುಗಿಸುವ ಸೌಲಭ್ಯವು ಮಂಜು ಕವಿದಾಗ ಬಹಳ ನೆರವಾಗುತ್ತದೆ. ಎತ್ತರ ತಿಳಿಯಲು ವಾಯುಭಾರಮಾಪಕವಿದೆ, ಆದರೆ ಅದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಸಮುದ್ರಮಟ್ಟದ ಆಸುಪಾಸಿನಲ್ಲಿ ಒಂದು ಹೆಕ್ಟೋಪಾಸ್ಕಲ್ ಒತ್ತಡವೆಂದರೆ ಸುಮಾರು 8 ಮೀಟರ್ ಎತ್ತರ. ರಾತ್ರಿ ಹವೆ ಕೆಟ್ಟು ಒತ್ತಡ 5 ಹೆಕ್ಟೋಪಾಸ್ಕಲ್ ಇಳಿದರೆ, ಡೇರೆಯಲ್ಲಿ ಮಲಗಿದ್ದವರು 40 ಮೀಟರ್ ಮೇಲೇರಿದಂತೆ ಬೆಳಿಗ್ಗೆ ತೋರುತ್ತದೆ. ತಾನಾಗಿ ಹೊಂದಿಸಿಕೊಳ್ಳುವ ಆಯ್ಕೆ ಇದ್ದರೂ, ಎತ್ತರ ಬರೆದಿರುವ ಗುರುತು ಸಿಕ್ಕಾಗಲೆಲ್ಲ ಸರಿಪಡಿಸಿಕೊಳ್ಳುವುದು ಜಾಣತನ. ಜೊತೆಗೆ ಬರುವ ನಕ್ಷೆ ಸಾಲದಿದ್ದರೆ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ಉಚಿತ ನಕ್ಷೆಗಳನ್ನು ಕಾರ್ಡಿಗೆ ಹಾಕಿಕೊಳ್ಳಬಹುದು.

ಕೊರತೆಗಳು ಇಲ್ಲದಿಲ್ಲ. ಕೇಬಲ್ಲಿಗೆ ಇಂದಿಗೂ ಹಳೆಯ ಮಿನಿ ಯುಎಸ್‌ಬಿ ಕಿಂಡಿಯೇ ಇದೆ. ಜಿಪಿಎಸ್ ಮತ್ತು ರಷ್ಯಾದ ಗ್ಲೋನಾಸ್ ಉಪಗ್ರಹಗಳನ್ನು ಒಂದೇ ತರಂಗಾಂತರದಲ್ಲಿ ಓದುತ್ತದೆ. ಕಡಿದಾದ ಕಣಿವೆಗಳಲ್ಲಿ ಹೆಚ್ಚು ತಿರುಗುವವರು ಎರಡು ತರಂಗಾಂತರಗಳನ್ನು ಬಳಸುವ ಜಿಪಿಎಸ್‌ಮ್ಯಾಪ್ 65ಎಸ್ ಅನ್ನು ನೋಡಬಹುದು, ಆದರೆ ಅದರ ಬ್ಯಾಟರಿ ಬಾಳಿಕೆ 16 ಗಂಟೆ ಮಾತ್ರ. ನಕ್ಷೆಯೇ ಬೇಡ, ಬಾಣ ಮತ್ತು ದೂರ ಸಾಕು ಎನ್ನುವವರಿಗೆ 2023ರ ಇಟ್ರೆಕ್ಸ್ ಎಸ್‌ಇ ಇದೆ. ಅದರ ಕಪ್ಪುಬಿಳುಪು ಪರದೆಯಿಂದಾಗಿ ಎರಡು ಎಎ ಸೆಲ್‌ಗಳು 168 ಗಂಟೆಯವರೆಗೆ ಬರುತ್ತವೆ ಎಂದು ತಯಾರಕರು ಹೇಳುತ್ತಾರೆ. ದಿಕ್ಸೂಚಿಯೂ ಅದರಲ್ಲಿದೆ, ಮೊಬೈಲಿನ ಮೂಲಕ ಕ್ಯಾಶ್‌ಗಳ ವಿವರವನ್ನೂ ತರಿಸಿಕೊಳ್ಳಬಹುದು. ಬರಿಯ ಜಿಯೋಕ್ಯಾಶಿಂಗಿಗೆ ಎಸ್‌ಇ ಸಾಕು. ಬೆಟ್ಟ ಹತ್ತುವ ಹವ್ಯಾಸವೂ ಇದ್ದು ದಾರಿಯನ್ನು ನಕ್ಷೆಯ ಮೇಲೆ ನೋಡಲೇಬೇಕು ಎನ್ನುವವರು 32ಎಕ್ಸ್ ಅನ್ನೇ ಆರಿಸಬೇಕು. ಹಣ ಉಳಿಸಲು 22ಎಕ್ಸ್‌ಗೆ ಇಳಿಯುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ.