ಹಳೆಯ ಪಿಕಪ್ ಗಾಡಿಯ ಸೀಟನ್ನು ಕುಶನ್ ಅಂಗಡಿಗೆ ಒಪ್ಪಿಸುವ ಮುನ್ನ

ಹಳೆಯ ಪಿಕಪ್ ಗಾಡಿಯ ಉದ್ದ ಸೀಟನ್ನು ಹೊಸದಾಗಿ ಕಟ್ಟಿಸಬೇಕೆಂದಿರುವವರು, ಅದರಲ್ಲೂ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯವರು, ಗಾಡಿಯ ಕೀಲಿಯನ್ನು ಕುಶನ್ ಅಂಗಡಿಯವರ ಕೈಗೆ ಕೊಡುವ ಮೊದಲು ಇದನ್ನೊಮ್ಮೆ ಓದಬೇಕೆಂದು ಕೋರುತ್ತೇನೆ. ನಮ್ಮ ಸೀಟನ್ನು ಕೆಡಿಸಿದ ಬಳ್ಳಾರಿಯ ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂದಿನ ಕಾರುಗಳ ಸೀಟಿಗೆ ಕವರ್ ತೊಡಿಸುವುದರಲ್ಲಿ ಪಳಗಿದ, ಹಳೆಯ ಸೀಟಿನ ಒಳಗೆ ಏನಿರುತ್ತದೆಂದು ಬಿಚ್ಚಿ ನೋಡಿರದ ಯಾವ ಅಂಗಡಿಯಲ್ಲಾದರೂ ಹೀಗೆಯೇ ನಡೆಯಬಹುದು.

ನಮ್ಮದು 1951ರ ಷೆವರ್ಲೆ ಪಿಕಪ್. ಜನರಲ್ ಮೋಟರ್ಸ್ ಕಂಪನಿಯು 1928ರಿಂದ 1954ರವರೆಗೆ ಮುಂಬಯಿಯ ಶಿವಡಿಯಲ್ಲಿ ಗಾಡಿಗಳನ್ನು ಜೋಡಿಸಿ ಮಾರುತ್ತಿದ್ದ ಕಾಲದ್ದು. ಮನೆತನದ ಹತ್ತಿ ವ್ಯಾಪಾರಕ್ಕೆಂದು ಕೊಂಡದ್ದು, ಆಮೇಲೆ ಬಹುಕಾಲ ಶೆಡ್ಡಿನಲ್ಲಿ ನಿಂತಿತ್ತು. ಎಂಜಿನ್, ಬ್ರೇಕು, ವೈರಿಂಗ್ ಎಲ್ಲ ಒಂದು ಹದಕ್ಕೆ ಬಂದ ಮೇಲೆ ಉಳಿದದ್ದು ಸೀಟೊಂದೇ. ರೆಕ್ಸಿನ್ ಹರಿದು, ಒಳಗಿನ ಹತ್ತಿ ಇಲಿಗಳ ಪಾಲಾಗಿತ್ತಾದರೂ ಸೀಟಿನ ಅಸ್ಥಿಪಂಜರ ಗಟ್ಟಿಯಾಗಿಯೇ ಇತ್ತು. ನಾನು ಹೇಳಬೇಕಾಗಿರುವುದು ಈ ಅಸ್ಥಿಪಂಜರದ ವಿಷಯವನ್ನೇ.

ಆ ಕಾಲದ ಪಿಕಪ್ ಸೀಟು ಇಂದಿನಂತೆ ಅಚ್ಚಿನಲ್ಲಿ ಎರಕ ಹೊಯ್ದ ಫೋಮ್ ತುಂಡಲ್ಲ. ಕೆಳಗೆ ಒಂದು ಉಕ್ಕಿನ ಚೌಕಟ್ಟು. ಅದರ ಮೇಲೆ ಸಾಲುಸಾಲಾಗಿ ನಿಲ್ಲಿಸಿದ ಸುರುಳಿ ಸ್ಪ್ರಿಂಗುಗಳು. ಅವುಗಳ ತಲೆಗಳನ್ನು ಒಂದಕ್ಕೊಂದು ಹೆಣೆದು, ಸುತ್ತಲಿನ ದಪ್ಪ ತಂತಿಗೆ ಸೇರಿಸಿದ ಬಂಧ. ಅದರ ಮೇಲೆ ಗೋಣಿತಾಟು, ಅದರ ಮೇಲೆ ಒತ್ತಾಗಿ ಹಾಸಿದ ಹತ್ತಿ, ಕೊನೆಯಲ್ಲಿ ಕವರ್. ಗೋಣಿತಾಟು ಇರುವುದು ಹತ್ತಿಯು ಸ್ಪ್ರಿಂಗುಗಳ ಸಂದಿಗೆ ಇಳಿಯದಿರಲೆಂದು. ಮೂವರು ಕುಳಿತಾಗ ಸೀಟು ಎಷ್ಟು ತಗ್ಗಬೇಕು, ಚಾಲಕನ ಮೊಣಕಾಲಿಗೂ ಸ್ಟಿಯರಿಂಗಿಗೂ ನಡುವೆ ಎಷ್ಟು ಜಾಗ ಉಳಿಯಬೇಕು ಎಂಬುದನ್ನೆಲ್ಲ ಆ ಸ್ಪ್ರಿಂಗುಗಳ ಎತ್ತರ ಮತ್ತು ಬಿಗುವೇ ತೀರ್ಮಾನಿಸುತ್ತವೆ. ಸ್ಟಿಯರಿಂಗ್ ಮೇಲೆ ಕೆಳಗೆ ಸರಿಯುವಂಥದ್ದಲ್ಲ, ಪೆಡಲುಗಳು ನೆಲದಿಂದ ಎದ್ದು ನಿಂತಿರುತ್ತವೆ, ಹೊಂದಿಕೊಳ್ಳಬೇಕಾದದ್ದು ಸೀಟೇ. ಬಿಸಿಲಿನ ಮಾತೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಸ್ಪ್ರಿಂಗುಗಳ ನಡುವೆ ಗಾಳಿಯಾಡುವ ಸೀಟಿಗೂ ಇಡೀ ಫೋಮಿನ ಸೀಟಿಗೂ ಇರುವ ಅಂತರವನ್ನು ಬೆನ್ನೇ ಹೇಳುತ್ತದೆ.

ಅಂಗಡಿಯವರಿಗೆ ವಿವರವಾಗಿ ಹೇಳಿದ್ದೆವು: ಸ್ಪ್ರಿಂಗುಗಳನ್ನು ಉಜ್ಜಿ ಬಣ್ಣ ಹೊಡೆಯುವುದು, ಮುರಿದ ಒಂದೆರಡನ್ನು ಬದಲಿಸುವುದು, ಹೊಸ ಗೋಣಿತಾಟು ಮತ್ತು ಹತ್ತಿ ಹಾಕಿ, ಹಳೆಯ ಕವರನ್ನೇ ಅಳತೆಗೆ ಇಟ್ಟುಕೊಂಡು ಹೊಸ ಕವರ್ ಹೊಲಿಯುವುದು. ಆಗಲಿ ಎಂದು ಮುಂಗಡ ಪಡೆದು, ‘ಸೀಟ್ ಕೆಲಸ’ ಎಂಬ ಎರಡೇ ಪದ ಮತ್ತು ಮೊತ್ತ ಬರೆದ ಚೀಟಿ ಕೊಟ್ಟರು. ಸೀಟು ತಿರುಗಿ ಬಂದಾಗ ಮೇಲ್ನೋಟಕ್ಕೆ ಚೆನ್ನಾಗಿಯೇ ಇತ್ತು. ಕಂದು ರೆಕ್ಸಿನ್, ನೇರವಾದ ಹೊಲಿಗೆ, ಮೂಲೆಗಳಲ್ಲಿ ಸುಕ್ಕಿಲ್ಲ. ಗಾಡಿಯೇರಿ ಕುಳಿತಾಗ ಮಾತ್ರ ತೊಡೆ ಸ್ಟಿಯರಿಂಗಿಗೆ ತಾಗಿತು. ಕ್ಲಚ್ ತುಳಿಯಲು ಕಾಲನ್ನು ಓರೆಯಾಗಿ ಎತ್ತಬೇಕಾಯಿತು. ಒಂದಷ್ಟು ದೂರ ಓಡಿಸಿದ ಮೇಲೆ ಅದೇ ಸೀಟು ಕುಸಿದು, ಕೆಳಗಿನ ಗಟ್ಟಿ ಹಲಗೆ ಕುಂಡೆಗೆ ಒತ್ತತೊಡಗಿತು.

ಕೆಳಭಾಗದ ಬಟ್ಟೆಯನ್ನು ಬಿಚ್ಚಿದಾಗ ಒಂದೇ ಒಂದು ಸ್ಪ್ರಿಂಗೂ ಕಾಣಲಿಲ್ಲ. ಚೌಕಟ್ಟನ್ನು ಅರ್ಧಕ್ಕೆ ಕತ್ತರಿಸಿ, ಉಳಿದದ್ದಕ್ಕೆ ಪ್ಲೈವುಡ್ ಹಲಗೆ ಬಿಗಿದು, ಅದರ ಮೇಲೆ ಫೋಮ್ ತುಂಡುಗಳನ್ನು ಅಂಟಿನಿಂದ ಪದರ ಪದರವಾಗಿ ಕೂರಿಸಿದ್ದರು. ಫೋಮ್ ಎಂಥದ್ದೆಂದು ತಿಳಿಯಲು ಪ್ರಯೋಗಾಲಯ ಬೇಕಾಗಿಲ್ಲ. 10 ಸೆಂಟಿಮೀಟರ್ ಉದ್ದ, ಅಗಲ, ದಪ್ಪವಿರುವ ತುಂಡು 40 ಡೆನ್ಸಿಟಿಯದಾದರೆ 40 ಗ್ರಾಂ ತೂಗಬೇಕು, 32ರದಾದರೆ 32 ಗ್ರಾಂ. ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮಿನ ತೂಕ, ಕಿಲೋ ಲೆಕ್ಕದಲ್ಲಿ. ದಿನವೂ ಕೂರುವ ಸೀಟಿಗೆ 40ರ ಆಸುಪಾಸಿನದು ಬೇಕು. ನಮ್ಮ ಸೀಟಿನ ಅಂಚಿನಿಂದ ಕತ್ತರಿಸಿದ ತುಂಡನ್ನು ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟಾಗ 20 ಗ್ರಾಂ ಕೂಡ ಮುಟ್ಟಲಿಲ್ಲ. ಅದು ಪ್ಯಾಕಿಂಗಿಗೆ ಬಳಸುವ ಮಾಲು. ಹಣ ಪಡೆದದ್ದು ಒಳ್ಳೆಯ ಫೋಮಿನ ದರದಲ್ಲಿ, ಅದೂ ನಾವು ಕೇಳಿಯೇ ಇರದ ಫೋಮಿಗೆ.

ಹೊಲಿಗೆಯ ಕತೆ ಬೇರೆ. ಬಳ್ಳಾರಿ ಜೀನ್ಸ್ ಹೊಲಿಯುವವರ ಊರು. ದಪ್ಪ ಬಟ್ಟೆಯ ಮೇಲೆ ಕೈ ಕೂತವರು ಓಣಿಗೊಬ್ಬರು ಸಿಗುತ್ತಾರೆ, ಆ ಕೆಲಸದಲ್ಲಿ ಅವರನ್ನು ಮೀರಿಸುವವರು ಕಡಿಮೆ. ನಮ್ಮ ಕವರನ್ನೂ ಅಂಗಡಿಯವರು ಅಂಥದೊಂದು ಕಡೆಗೆ ಹೊಲಿಯಲು ಕಳಿಸಿದ್ದರು. ಆದರೆ ಜೀನ್ಸಿನ ಬಟ್ಟೆ ನೇಯ್ದದ್ದು, ಸೂಜಿ ನೂಲುಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತದೆ. ರೆಕ್ಸಿನ್ನಿನ ಮೇಲ್ಪದರ ಪ್ಲಾಸ್ಟಿಕ್, ಸೂಜಿ ಮಾಡಿದ ತೂತು ಹಾಗೆಯೇ ಉಳಿಯುತ್ತದೆ. ಜೀನ್ಸಿಗೆ ಒಪ್ಪುವ ಒತ್ತು ಹೊಲಿಗೆಯನ್ನು ರೆಕ್ಸಿನ್ನಿಗೆ ಹಾಕಿದರೆ ಅಂಚೆ ಚೀಟಿಗಳ ನಡುವಿನ ತೂತುಗಳ ಸಾಲಿನಂತೆ ಅದು ಆ ಗೆರೆಯಲ್ಲೇ ಹರಿಯುತ್ತದೆ. ಚಾಲಕನ ಬದಿಯ ಅಂಚು, ಅಂದರೆ ಇಳಿಯುವಾಗ ಮೈಭಾರವೆಲ್ಲ ಬೀಳುವ ಜಾಗ, ಮೊದಲು ಬಾಯಿಬಿಟ್ಟಿತು. ರೆಕ್ಸಿನ್ನಿಗೆ ಅಂಗುಲಕ್ಕೆ ಆರರಿಂದ ಎಂಟು ಹೊಲಿಗೆ ಸಾಕು. ದಾರ ನೈಲಾನ್ ಅಥವಾ ಪಾಲಿಯೆಸ್ಟರಿನದಾಗಿರಬೇಕು, ಹತ್ತಿಯದು ಬಿಸಿಲು ಬೆವರಿಗೆ ಬೇಗ ಕೊಳೆಯುತ್ತದೆ.

ಇಷ್ಟೇ ಆಗಿದ್ದರೆ ಹಣ ಹೋಯಿತೆಂದು ಸುಮ್ಮನಾಗುತ್ತಿದ್ದೆನೇನೋ. ಬರೆಯಲೇಬೇಕೆನಿಸಿದ್ದು ಪೆಟ್ರೋಲ್ ಟ್ಯಾಂಕಿನಿಂದಾಗಿ. 1949ರಿಂದೀಚೆಗಿನ ಷೆವರ್ಲೆ ಪಿಕಪ್ಪುಗಳಲ್ಲಿ ಟ್ಯಾಂಕು ಗಾಡಿಯ ಅಡಿಯಲ್ಲಿಲ್ಲ; ಕ್ಯಾಬಿನ್ನಿನ ಒಳಗೆ, ಸೀಟಿನ ಬೆನ್ನಿನ ಹಿಂದೆ ನಿಂತಿರುತ್ತದೆ. 1972ರವರೆಗೂ ಆ ಕಂಪನಿಯ ಪಿಕಪ್ಪುಗಳಲ್ಲಿ ಇದೇ ಏರ್ಪಾಡು ಮುಂದುವರಿಯಿತು. ಗಾಡಿಯನ್ನು ಒಪ್ಪಿಸುವಾಗ ಇದನ್ನು ಬಾಯಲ್ಲಿ ಹೇಳಿ, ಕೈಯಲ್ಲಿ ಮುಟ್ಟಿ ತೋರಿಸಿದ್ದೆವು. ಹಾಗಿದ್ದೂ ಬೆನ್ನಿನ ಭಾಗಕ್ಕೆ ಹಾಕಿದ ಪ್ಲೈವುಡ್ಡಿಗೆ ಅಗತ್ಯಕ್ಕಿಂತ ಉದ್ದನೆಯ ಸ್ಕ್ರೂಗಳನ್ನು ಬಿಗಿದು, ಅವುಗಳ ಮೊನೆಗಳನ್ನು ಹಿಂದಕ್ಕೆ ಚಾಚಿದಂತೆಯೇ ಬಿಟ್ಟಿದ್ದರು. ಹಳ್ಳದಲ್ಲಿ ಗಾಡಿ ಕುಣಿದಾಗಲೆಲ್ಲ ಆ ಮೊನೆಗಳು ಟ್ಯಾಂಕನ್ನು ಗೀರಿವೆ. ಒಳಗೆ ಪೆಟ್ರೋಲ್ ವಾಸನೆ ಹೆಚ್ಚಿದಾಗ ಸೀಟು ಕಳಚಿ ನೋಡಿದರೆ ಬಣ್ಣ ಕಿತ್ತು, ಬರಿ ತಗಡು ಹೊಳೆಯುವ ಗೀರುಗಳು ಕಂಡವು. ಟ್ಯಾಂಕನ್ನು ಬರಿದು ಮಾಡಿ, ತೊಳೆದು, ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದಾಗ ಆಳವಾದ ಗೀರಿನ ತುದಿಯಿಂದ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಮೇಲೇರಿದವು.

ಅದಕ್ಕಿಂತ ಭಯಂಕರವಾದದ್ದು ನೆಲದ ಮೇಲಿತ್ತು. ಸೀಟನ್ನು ಹಿಂದೆ ಮುಂದೆ ಸರಿಸುವ ಹಳಿಗಳು ಹೊಸ ಪ್ಲೈವುಡ್ಡಿಗೆ ಹೊಂದದೆ ಹೋದಾಗ ಅವನ್ನು ಕ್ಯಾಬಿನ್ನಿನ ಒಳಗೇ ವೆಲ್ಡ್ ಮಾಡಿದ್ದರು. ವೆಲ್ಡಿಂಗಿನ ಹಸಿ ಗಂಟು, ಸುತ್ತಲೂ ಸುಟ್ಟು ಕಪ್ಪಾದ ಬಣ್ಣ. ಟ್ಯಾಂಕಿಗೆ ಒಂದು ಗೇಣು ದೂರವೂ ಇಲ್ಲ. ಕೇಳಿದರೆ ‘ಟ್ಯಾಂಕಿನಾಗ ಪೆಟ್ರೋಲ್ ಇರಲಿಲ್ಲಲ್ರಿ’ ಎಂದರು. ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕಿಗೇ ಹೆಚ್ಚು ಹೆದರಬೇಕು, ಏಕೆಂದರೆ ಅದರ ತುಂಬ ಇರುವುದು ಆವಿ. ಗಾಳಿಯಲ್ಲಿ ಪೆಟ್ರೋಲಿನ ಆವಿ ಸುಮಾರು ಶೇಕಡಾ 1.4ರಿಂದ 7.6ರವರೆಗೆ ಬೆರೆತಿದ್ದರೆ ಒಂದು ಕಿಡಿ ಸಾಕು. ಆ ಆವಿ ಗಾಳಿಗಿಂತ ಭಾರ, ಹಾಗಾಗಿ ನೆಲದ ಮಟ್ಟದಲ್ಲೇ ತಂಗುತ್ತದೆ, ಹಳಿಗಳಿರುವುದೂ ಅಲ್ಲೇ. ವೆಲ್ಡಿಂಗ್ ಮಾಡಿದ ಹುಡುಗ ಇನ್ನೂ ಮೀಸೆ ಮೂಡದವನು. ಅವನಿಗೆ ಏನೂ ಆಗದೆ ಉಳಿದದ್ದು ಅವನ ಅದೃಷ್ಟ, ಅಂಗಡಿಯವರ ಜಾಗ್ರತೆಯಲ್ಲ.

ಹಳೆಯ ಸ್ಪ್ರಿಂಗುಗಳನ್ನಾದರೂ ಹಿಂತಿರುಗಿಸಿ ಎಂದು ಕೇಳಿದಾಗ ಮಾಲೀಕರು ನಿರಾಳವಾಗಿಯೇ ಉತ್ತರಿಸಿದರು: ‘ಅವೆಲ್ಲಾ ತುಕ್ಕು ತಿಂದಿದ್ವು ಸರ, ಇಟ್ಕೊಂಡು ಏನ್ ಮಾಡ್ತೀರಿ, ಗುಜರಿಗೆ ಹಾಕಿದ್ವಿ.’ ಗುಜರಿಯವರಲ್ಲಿ ವಿಚಾರಿಸಿದಾಗ ಮಾಲು ಆಗಲೇ ಹೋಗಿತ್ತು. ಸುತ್ತಲೂ ಕಬ್ಬಿಣ ಕರಗಿಸುವ ಕಾರ್ಖಾನೆಗಳಿರುವ ನಮ್ಮ ಜಿಲ್ಲೆಯಲ್ಲಿ ಹಳೆಯ ಉಕ್ಕು ಎಲ್ಲಿಯೂ ಬಹಳ ದಿನ ಬಿದ್ದಿರುವುದಿಲ್ಲ. ಈ ಮಾದರಿಯ ಸ್ಪ್ರಿಂಗುಗಳನ್ನೂ ಚೌಕಟ್ಟುಗಳನ್ನೂ ಅಮೆರಿಕದಲ್ಲಿ ಹೊಸದಾಗಿ ಮಾಡಿ ಮಾರುವವರಿದ್ದಾರೆ; ಹಡಗಿನ ಬಾಡಿಗೆ, ಸುಂಕ ಸೇರಿಸಿದರೆ ಮಾತ್ರ ಎದೆ ಝಲ್ಲೆನ್ನುತ್ತದೆ. ಸೋಫಾಗಳಿಗೆ ಹಾಕುವ ಹಾವಿನಾಕಾರದ ಚಪ್ಪಟೆ ಸ್ಪ್ರಿಂಗ್ ಇಲ್ಲಿಯೇ ಸಿಗುತ್ತದೆ, ಆದರೆ ಅದರಿಂದ ಮೂಲ ಸೀಟಿನ ಎತ್ತರವೂ ಬರುವುದಿಲ್ಲ, ತಗ್ಗುವಿಕೆಯೂ ಬರುವುದಿಲ್ಲ.

ಆದ್ದರಿಂದ ಸೀಟನ್ನು ಮನೆಯಲ್ಲೇ ಕಳಚಿ ಸೀಟನ್ನಷ್ಟೇ ಅಂಗಡಿಗೆ ಕೊಂಡೊಯ್ಯಿರಿ. ಗಾಡಿ ಅಲ್ಲಿಗೆ ಹೋಗುವ ಅಗತ್ಯವೇ ಇಲ್ಲ, ಹೋಗದಿದ್ದರೆ ಒಳಗೆ ವೆಲ್ಡಿಂಗ್ ಆಗುವ ಪ್ರಶ್ನೆಯೂ ಏಳುವುದಿಲ್ಲ. ಹಳಿಗಳ ಕೆಲಸವಿದ್ದರೆ ಬೋಲ್ಟ್ ಬಿಚ್ಚಿ ಹೊರಗೆ ತಂದು ಮಾಡಿಸಬೇಕು. ಕಳಚುವ ಮುನ್ನ ಒಬ್ಬರನ್ನು ಕೂರಿಸಿ, ನೆಲದಿಂದ ಸೀಟಿನ ಮುಂದಂಚಿಗೂ, ಸೀಟಿನಿಂದ ಸ್ಟಿಯರಿಂಗಿನ ಕೆಳಗಂಚಿಗೂ ಇರುವ ಅಂತರವನ್ನು ಅಳೆದು ಬರೆದಿಟ್ಟುಕೊಳ್ಳಿ. ಖಾಲಿ ಸೀಟಿನ ಅಳತೆ ಮೋಸ ಮಾಡುತ್ತದೆ. ಕವರ್ ಬಿಚ್ಚುವಾಗ ಎದುರಿಗೆ ನಿಂತು ಪ್ರತಿಯೊಂದು ಪದರದ ಚಿತ್ರ ತೆಗೆಯಿರಿ. ಸ್ಪ್ರಿಂಗು, ಚೌಕಟ್ಟು, ಹಳಿ, ಹಳೆಯ ಕವರ್ ಇವನ್ನೆಲ್ಲ ಎಣಿಸಿ ಚೀಟಿಯಲ್ಲಿ ಬರೆಸಿ, ಬಳಸದೆ ಉಳಿದದ್ದನ್ನು ಹಿಂತಿರುಗಿಸಬೇಕೆಂಬ ಸಾಲನ್ನೂ ಸೇರಿಸಿ ಸಹಿ ಹಾಕಿಸಿಕೊಳ್ಳಿ. ‘ಇದೆಲ್ಲ ಯಾಕ್ರಿ’ ಎನ್ನುವ ಅಂಗಡಿಯಿಂದ ಸೀಟನ್ನು ಎತ್ತಿಕೊಂಡು ಹೊರಡುವುದೇ ಒಳ್ಳೆಯದು.

ಬಿಲ್ಲಿನ ಮಾತು ಸಣ್ಣದಲ್ಲ. ಮಾಡಿದ ಕೆಲಸಕ್ಕೆ ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವಿಲ್ಲದೆ ದೂರು ಕೊಡಬಹುದು, ಎರಡು ವರ್ಷಗಳ ಒಳಗೆ ಕೊಡಬೇಕು. ಚೀಟಿ, ಹಣ ಪಾವತಿಸಿದ ದಾಖಲೆ, ಫೋಮಿನ ತುಂಡು, ಟ್ಯಾಂಕಿನ ಚಿತ್ರಗಳು ಎಲ್ಲವನ್ನೂ ಜೋಡಿಸಿಟ್ಟುಕೊಂಡು ನಾವು ಆ ದಾರಿಯಲ್ಲಿದ್ದೇವೆ.

ಟ್ಯಾಂಕಿನ ದುರಸ್ತಿ ಮುಗಿದಿದೆ, ಸೀಟಿಲ್ಲದ ಗಾಡಿ ಶೆಡ್ಡಿನಲ್ಲಿ ನಿಂತಿದೆ. 1947ರಿಂದ 1955ರವರೆಗಿನ ಷೆವರ್ಲೆ ಪಿಕಪ್ಪಿನ ಸೀಟಿನ ಚೌಕಟ್ಟು ಯಾರದಾದರೂ ಹತ್ತಿ ಗೋದಾಮಿನಲ್ಲೋ, ಹೊಲದ ಕೊಟ್ಟಿಗೆಯಲ್ಲೋ ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕದೆ ನನಗೆ ತಿಳಿಸಿ. ರೆಕ್ಸಿನ್, ಹತ್ತಿ ಏನೂ ಇರದಿದ್ದರೂ ಚಿಂತೆಯಿಲ್ಲ, ಸ್ಪ್ರಿಂಗುಗಳ ಸಾಲು ಇದ್ದರೆ ಸಾಕು. ಬಂದು ನೋಡಿ, ತಕ್ಕ ಬೆಲೆ ಕೊಟ್ಟು ಒಯ್ಯುತ್ತೇನೆ.