ಬಟ್ಟೆ ಡಬ್ಬಕ್ಕೆ ಪೂರ್ತಿ ಅಂಕ, ಮಣಿ ಪೊಟ್ಟಣಕ್ಕೆ ಸೊನ್ನೆ

ಮಗಳಿಗೆ 13 ತಿಂಗಳು. ಅವಳಿಗೆ ಅಂತ ಒಂದು ಸೆನ್ಸರಿ ಪ್ಲೇ ಕಿಟ್ ತರಿಸಿದ್ದೆ. ಮುಟ್ಟಿ, ಹಿಚುಕಿ, ಅಲ್ಲಾಡಿಸಿ ಆಡುವ ಸಾಮಾನುಗಳ ಪೆಟ್ಟಿಗೆ. ಮೇಲೆ '6 ತಿಂಗಳಿಂದ 3 ವರ್ಷ' ಅಂತ ಬರೆದಿದೆ. ಆರು ತಿಂಗಳ ಕೂಸಿಗೂ ಓಡಾಡುವ ಪೋರನಿಗೂ ಒಂದೇ ಪೆಟ್ಟಿಗೆಯಾ? ಅನುಮಾನ ಅಲ್ಲೇ ಶುರುವಾಯಿತು.

ಮೊದಲು ಒಳ್ಳೆಯದು ಹೇಳುತ್ತೇನೆ. ಮರದ ಪುಟ್ಟ ಡಬ್ಬ, ಮೇಲೊಂದು ತೂತು, ಒಳಗೆ ತೆಳುವಾದ ಬಣ್ಣದ ಬಟ್ಟೆಗಳು. ಇವಳು ತುದಿ ಹಿಡಿದು ಎಳೆದಳು. ಬಟ್ಟೆ ಬರುತ್ತಾ ಹೋದ ಹಾಗೆ ಬಾಯಿಯೂ ತೆರೆಯುತ್ತಾ ಹೋಯಿತು. ಎಲ್ಲ ಮುಗಿದ ಮೇಲೆ ಒಳಗೆ ಕೈ ಹಾಕಿ ತಡಕಿದಳು, ಆಮೇಲೆ ನನ್ನ ಮುಖ ನೋಡಿದಳು. ನಾನು ತುರುಕೋದು, ಅವಳು ಎಳೆಯೋದು, ಹೀಗೇ ಇಪ್ಪತ್ತು ನಿಮಿಷ. ನಾಲ್ಕನೇ ದಿನ ತಾನೇ ತುರುಕಲು ಹೋದಳು. ಬಟ್ಟೆಯ ಜೊತೆ ಮುಷ್ಟಿಯೂ ಒಳಗೇ ಉಳಿಯಿತು, ಮನೆಯೆಲ್ಲ ಕಿರುಚಾಟ. ಮುಷ್ಟಿ ಬಿಚ್ಚಿದರೆ ಕೈ ಬರುತ್ತದೆ ಅನ್ನೋದು ಇನ್ನೂ ಹೊಳೆದಿಲ್ಲ.

ಸರಪರ ಸದ್ದು ಮಾಡುವ ಬಟ್ಟೆ ಪುಸ್ತಕ ಪರವಾಗಿಲ್ಲ, ಎರಡು ಸಲ ಒಗೆದರೂ ಹೊಲಿಗೆ ಬಿಟ್ಟಿಲ್ಲ. ಕಪ್ಪು-ಬಿಳಿ ಕಾರ್ಡುಗಳು ನಮಗೆ ತಡವಾಯಿತು. ಹುಟ್ಟಿದ ಹೊಸದರಲ್ಲಿ 20-30 ಸೆಂಟಿಮೀಟರ್ ದೂರದ್ದು ಮಾತ್ರ ಚೆನ್ನಾಗಿ ಕಾಣುವಾಗ ಅಂಥ ಗಾಢ ಗೆರೆಗಳು ಸರಿ. ಇವಳು ಮೂಲೆ ಜಗಿದು ಬಿಸಾಡಿದಳು.

ಇನ್ನು ಆ ಮಣಿ ಪೊಟ್ಟಣ. ನೀರಲ್ಲಿ ಊದುವ ಬಣ್ಣದ ಮಣಿಗಳು, ಒಣಗಿದ್ದಾಗ ಗುಂಡುಸೂಜಿಯ ತಲೆಯಷ್ಟು. ಒಂದನ್ನು ರಾತ್ರಿ ಲೋಟದ ನೀರಿಗೆ ಹಾಕಿಟ್ಟೆ. ಬೆಳಗ್ಗೆ ಗೋಲಿಯಷ್ಟಾಗಿತ್ತು! ನುಂಗಿದರೆ ಹೊಟ್ಟೆಯಲ್ಲೂ ಹೀಗೇ ಊದಿ ಕರುಳು ಕಟ್ಟಬಹುದು. ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದೂ ಇಲ್ಲ. ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸಿನ ಮಕ್ಕಳ ಪೆಟ್ಟಿಗೆಯಲ್ಲಿ ಇದಕ್ಕೇನು ಕೆಲಸ? ಕಂಪನಿಗೆ ಬರೆದೆ. 'ದೊಡ್ಡವರ ಕಣ್ಗಾವಲಲ್ಲಿ ಆಡಿಸಿ' ಅಂತ ಉತ್ತರ ಬಂತು. ಸೋಫಾ ಕೆಳಗೆ ಉರುಳಿದ್ದು ಯಾರ ಕಣ್ಣಿಗೆ ಬೀಳುತ್ತದೆ? ಇವಳ ಕಣ್ಣಿಗೇ ಅಲ್ವಾ! ಪೊಟ್ಟಣ ಸೀದಾ ಕಸಕ್ಕೆ ಹೋಯಿತು.

ಅದೇ ಸಿಟ್ಟಲ್ಲಿ ಉಳಿದಿದ್ದನ್ನೂ ಟಾಯ್ಲೆಟ್ ಪೇಪರ್ ರೋಲಿನ ರಟ್ಟಿನ ಕೊಳವೆಗೆ ಹಾಕಿ ನೋಡಿದೆ. ಅದರೊಳಗೆ ತೂರುವಂಥದ್ದು ಮೂರು ವರ್ಷದೊಳಗಿನ ಮಕ್ಕಳ ಕೈಗೆ ಬೇಡ. ಮರದ ಎರಡು ಗೂಟ ಸಲೀಸಾಗಿ ತೂರಿದವು. ಅವೂ ಕಪಾಟಿನ ಮೇಲೇರಿವೆ.

ಇನ್ನೊಮ್ಮೆ ತರಿಸುತ್ತೀನಾ? ಇಲ್ಲ. ಮೊನ್ನೆ ಸುಮ್ನೆ ಖಾಲಿ ಟಿಶ್ಯೂ ಡಬ್ಬಕ್ಕೆ ಹಳೇ ಸ್ಕಾರ್ಫಿನ ಗೇಣುದ್ದದ ತುಂಡುಗಳನ್ನು ತುರುಕಿ ಕೊಟ್ಟೆ. ಅದೇ ತೆರೆದ ಬಾಯಿ, ಅದೇ ತಡಕಾಟ. ರಟ್ಟಿನ ತೂತು ಹರಿದು ಅಗಲವಾಗಿದ್ದರಿಂದ ಈ ಸಲ ಮುಷ್ಟಿಯೂ ಹೊರಗೆ ಬಂತು.